ಎಡ ಹೆಗಲಿನ ಗಂಟು

ಆ ಬೀದಿಯ ಟೈಲರ್ ಮಾಸ್ಟರು ಒಮ್ಮೆ ಸೀನಿದರೆ ಮೂರು ಬೀದಿ ಆಚೆ ಒಣಗಲು ಹಾಕಿದ ಬಟ್ಟೆ ಹಾರಿಹೋಗುತ್ತಿತ್ತು. ಬಾಯಿ ಬಿಟ್ಟರಂತೂ ಹಗ್ಗವೂ ಹಾರಿಹೋಗುತ್ತಿತ್ತು. "ನಾನು ಹೊಲಿದ ಕೋಟು ಹಾಕ್ಕೊಂಡು ಒಬ್ಬ ಕಳ್ಳ ಕೋರ್ಟಿಗೆ ಹೋದ. ಜಡ್ಜೇ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ರು" ಎನ್ನುವುದು ಅವರ ಸಣ್ಣ ಸುಳ್ಳುಗಳಲ್ಲಿ ಒಂದು. ಅಂಗಡಿಯ ಅಗಲವೋ, ಬೆಕ್ಕು ಒಳಗೆ ಬಂದರೆ ತಿರುಗಲು ಜಾಗವಿಲ್ಲದೆ ಹಿಮ್ಮುಖವಾಗಿಯೇ ಹೊರಗೆ ಹೋಗಬೇಕು. ಆದರೆ ಆ ಬೆರಳುಗಳ ಬಗ್ಗೆ ಮಾತ್ರ ಯಾರೂ ತಕರಾರು ಎತ್ತುವಂತಿರಲಿಲ್ಲ. ಕಣ್ಣು ಮುಚ್ಚಿ ಒಂದು ತೋಳನ್ನು ಮುಟ್ಟಿದರೆ ಸಾಕು, ಅದು ಯಾರ ಅಂಗಿ, ಅವರು ಕಳೆದ ವರ್ಷಕ್ಕಿಂತ ಎಷ್ಟು ದಪ್ಪಗಾಗಿದ್ದಾರೆ, ಹೆಂಡತಿಯ ಜೊತೆ ಜಗಳವಾಗಿದೆಯೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದರು.

ಶಾಲೆಗೆ ದೊಡ್ಡ ರಜೆ ಬಂತೆಂದರೆ ಆ ಬೀದಿಗೆ ಒಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ರಜೆಯಲ್ಲಿ ಶಾಲೆಯ ಮಧ್ಯಾಹ್ನದ ಊಟ ನಿಂತುಹೋಗುತ್ತದೆ. ಕೆಲವು ಮನೆಗಳ ಮಕ್ಕಳಿಗೆ ಹೊಟ್ಟೆ ತುಂಬುವ ಊಟ ಅದೊಂದೇ. ಅಂಥ ಮನೆಗಳಿಗೆ ಅಂಗಡಿಯವರೆಲ್ಲ ಸೇರಿ ಚೀಲ ಕಳಿಸುತ್ತಿದ್ದರು. ದಿನಸಿ, ಸೋಪು, ಮಕ್ಕಳಿಗೆ ಹೊಸ ಬಟ್ಟೆ. ಯಾವ ಮನೆ ಎಂಬುದು ಶಾಲೆಯ ಟೀಚರಮ್ಮನಿಗೆ ಗೊತ್ತು. ಚೀಲವನ್ನು ಬಾಗಿಲಿಗೆ ನೇತುಹಾಕಿ ಬರುವುದು ಇಸ್ತ್ರಿಯಣ್ಣನ ಕೆಲಸ. ಅವನು ಹೇಗೂ ಎಲ್ಲರ ಮನೆಗೂ ಗಂಟು ಹೊತ್ತು ತಿರುಗುವವನು, ಯಾರಿಗೂ ಅನುಮಾನ ಬಾರದು. ಬೇರೆಯವರು ಕೇಳುವಂತಿಲ್ಲ, ನೋಡುವಂತಿಲ್ಲ, ಊಹಿಸುವಂತೆಯೂ ಇಲ್ಲ.

ಹಾಗಾದರೆ ಅಳತೆ ತೆಗೆಯುವುದು ಹೇಗೆ? ಅದಕ್ಕೂ ಒಂದು ಉಪಾಯವಿತ್ತು. ಯಾರು ಎಷ್ಟು ಬೆಳೆದಿದ್ದಾರೆ ನೋಡೋಣ ಎಂದು ಟೀಚರಮ್ಮ ಇಡೀ ಶಾಲೆಯ ಮಕ್ಕಳನ್ನೂ, ಅವರ ಬೆನ್ನು ಹಿಡಿದು ಬಂದ ತಮ್ಮ ತಂಗಿಯರನ್ನೂ ಆಟದ ನೆಪದಲ್ಲಿ ಒರಟು ದಾರದಿಂದ ಅಳೆಯುತ್ತಿದ್ದರು. ಒಂದೊಂದು ಹೆಗಲಿಗೂ ಒಂದು ಗಂಟು, ತೋಳಿಗೊಂದು, ಎದೆಗೊಂದು, ಹೊಟ್ಟೆಗೊಂದು, ಮಂಡಿಗೊಂದು. ಆಮೇಲೆ ಬೇಕಾದ ದಾರಗಳಷ್ಟೇ ಮಾಸ್ಟರ ಮೇಜಿಗೆ ಬರುತ್ತಿದ್ದವು. ಹೆಸರಿಲ್ಲ, ಊರಿಲ್ಲ. ಒಂದೇ ಮನೆಯ ಮಕ್ಕಳ ದಾರಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿರುತ್ತಿದ್ದರು, ಅಷ್ಟೆ.

ಆ ವರ್ಷ ಬಂದ ದಾರಗಳಲ್ಲಿ ಒಂದು ಜೋಡಿಯನ್ನು ಮಾಸ್ಟರು ಎತ್ತಿಕೊಂಡರು. ಬೆರಳು ಮೊದಲ ಗಂಟಿನ ಮೇಲೆ ಹೋಯಿತು, ಎರಡನೆಯದಕ್ಕೆ ಹೋಯಿತು, ಅಲ್ಲೇ ನಿಂತಿತು. ಎಡ ಹೆಗಲಿನ ಗಂಟು ಬಲ ಹೆಗಲಿನದಕ್ಕಿಂತ ಒಂದು ಬೆರಳಿನಷ್ಟು ಕೆಳಗಿತ್ತು.

ತಮ್ಮ ಹುಟ್ಟಿದಾಗಿನಿಂದ ಅವನನ್ನು ಎಡ ಸೊಂಟದ ಮೇಲೆ ಹೊತ್ತು ಹೊತ್ತು ಹಾಗೆ ವಾಲಿದ ಹೆಗಲು ಪ್ರಪಂಚದಲ್ಲಿ ಒಂದೇ ಇತ್ತು. ಅದು ಅವರ ಮೊಮ್ಮಗಳದು. ಜೊತೆಗೆ ಕಟ್ಟಿದ್ದ ಪುಟಾಣಿ ದಾರ ಆ ತಮ್ಮನದೇ ಇರಬೇಕು, ಎದೆಗಿಂತ ಹೊಟ್ಟೆಯ ಗಂಟೇ ದೂರದಲ್ಲಿತ್ತು.

ಮಾಸ್ಟರ ತಲೆಯೊಳಗೆ ನೂರು ಯಂತ್ರಗಳು ಒಟ್ಟಿಗೆ ತಿರುಗಿದವು, ಒಂದಕ್ಕೂ ದಾರ ಪೋಣಿಸಿರಲಿಲ್ಲ. ಮಗಳು ಹಿಂದಿನ ಬೀದಿಯಲ್ಲೇ ಇದ್ದಾಳೆ. ಅಳಿಯ ಗಾಜಿನ ಕಾರ್ಖಾನೆಯಲ್ಲಿದ್ದಾನೆ. "ನಮ್ಮ ಅಳಿಯಂದ್ರು ಒಂದಿನ ರಜ ಹಾಕಿದ್ರೆ ಊರಿನ ಕಿಟಕಿಗಳೆಲ್ಲ ತಾವಾಗೇ ಒಡೆದುಹೋಗ್ತವೆ" ಎಂದು ಮಾಸ್ಟರು ಬೀದಿಗೆಲ್ಲ ಸಾರಿದ್ದರು. ಅಂಥ ಮನೆಗೆ ಚೀಲವೇ? ಹಸಿವೇ?

ಅವರು ದಾರ ಹಿಡಿದು ಶಾಲೆಗೆ ಓಡಿದರು. ಓಡಿದ ರಭಸಕ್ಕೆ ದಾರಿಯ ನಾಯಿಗಳು ಸಾಲಾಗಿ ನಿಂತು ದಾರಿ ಬಿಟ್ಟವು.

"ಟೀಚರಮ್ಮ, ದಾರ ಏನಾದ್ರೂ ಅದಲುಬದಲಾಗಿದೆಯಾ?"

"ಇಲ್ಲ ಮಾಸ್ಟ್ರೇ."

"ಎಲ್ಲಾ ಮಕ್ಕಳನ್ನೂ ಅಳೆದಿದ್ದೀರಲ್ಲ, ಯಾರದೋ ಬದಲು ಯಾರದೋ..."

"ಬಟ್ಟೆ ಹೊಲೀರಿ ಮಾಸ್ಟ್ರೇ, ಕಥೆ ಹೊಲೀಬೇಡಿ." ಟೀಚರಮ್ಮ ಕಪ್ಪು ಹಲಗೆ ಒರೆಸುತ್ತಲೇ ಇದ್ದರು, ತಿರುಗಿ ನೋಡಲಿಲ್ಲ. ಮುಖ ಕಾಣಿಸಿದ್ದರೆ ಮಾಸ್ಟರು ಓದಿಕೊಳ್ಳುತ್ತಿದ್ದರೇನೋ. ಬೆನ್ನಿನಲ್ಲಿ ರವಿಕೆಯ ಹೊಲಿಗೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಅದು ಬೇರೆ ಟೈಲರನ ಹೊಲಿಗೆ ಎಂಬ ಸಂಕಟವೊಂದು ಹೆಚ್ಚಾಯಿತು.

ಅಲ್ಲಿಂದ ನೆಟ್ಟಗೆ ಮಗಳ ಮನೆ. ಮಗಳು ಬಾಗಿಲಲ್ಲೇ ನಕ್ಕಳು. "ಏನಪ್ಪಾ, ದಾರಿ ತಪ್ಪಿ ಬಂದ್ಯಾ?"

ಮಾಸ್ಟರು ಕೂರಲು ಜಾಗ ಹುಡುಕಿದರು. ಕುರ್ಚಿ ಇರಲಿಲ್ಲ.

"ಕುರ್ಚಿ ಎಲ್ಲಮ್ಮಾ?"

"ರಿಪೇರಿಗೆ ಕೊಟ್ಟಿದೀವಿ."

"ಟೀವಿ?"

"ಅದೂ ರಿಪೇರಿಗೆ."

"ಮಂಚ?"

"ಅದೂನೂ ಅಪ್ಪ."

"ಮಂಚಕ್ಕೆ ಏನೇ ಕೆಟ್ಟಿತ್ತು?"

"ಕಿರ್ ಅಂತಿತ್ತು." ಮಗಳು ಚಹಾ ತಂದಳು. ಸಕ್ಕರೆ ಎಷ್ಟಿತ್ತೆಂದರೆ ಚಮಚ ನಿಲ್ಲಿಸಿದರೆ ಬೀಳುತ್ತಿರಲಿಲ್ಲ. ಮಾಸ್ಟರಿಗೆ ತಲೆಬುಡ ತಿಳಿಯಲಿಲ್ಲ. ಇಲ್ಲದ ಮನೆಯಲ್ಲಿ ಇಷ್ಟು ಸಕ್ಕರೆ ಇರುತ್ತದೆಯೇ? ಇರುವ ಮನೆಯಲ್ಲಿ ಮಂಚ ಕಿರ್ ಎಂದು ಆಸ್ಪತ್ರೆ ಸೇರುತ್ತದೆಯೇ? ಅಷ್ಟರಲ್ಲಿ ಅಳಿಯ ಒಳಗಿನಿಂದ ಬಂದ. ಗರಿಗರಿ ಇಸ್ತ್ರಿ ಮಾಡಿದ ಅಂಗಿ. ನಟ್ಟ ನಡು ಮಧ್ಯಾಹ್ನ.

"ಕಾರ್ಖಾನೆ ಇಲ್ವಾ ಅಳಿಯಂದ್ರೇ?"

"ಈಗ ಹೊರಟೆ ಮಾವ." ಅಳಿಯ ಹೊರಟ. ಕಾರ್ಖಾನೆ ಎಡಕ್ಕೆ, ಅವನು ಬಲಕ್ಕೆ ತಿರುಗಿದ.

ಕೇಳಿಬಿಡಬಹುದಿತ್ತು. ಗಂಟಲವರೆಗೂ ಬಂದಿತ್ತು. ಆದರೆ ಮಗಳ ನಗು ಬಾಗಿಲಿಗೆ ಅಡ್ಡ ನಿಂತ ಕಾವಲುಗಾರನಂತಿತ್ತು. ಮಾಸ್ಟರು ಚಹಾ ನುಂಗಿ, ಮಾತು ನುಂಗಿ, ವಾಪಸ್ಸು ಬಂದರು.

ಆಮೇಲೆ ಅವರು ಹೊಲಿದ ಫ್ರಾಕನ್ನು ನೋಡಬೇಕಿತ್ತು! ಚಳಿಗೆ ಒಳಪದರ, ಮಳೆಗೆ ಹೊರಪದರ, ಎರಡು ಜೇಬು, ಜೇಬಿನೊಳಗೊಂದು ಕಳ್ಳಜೇಬು, ಮದುವೆಯ ವಯಸ್ಸಿನವರೆಗೂ ಬಿಚ್ಚಿ ಉದ್ದ ಮಾಡಬಹುದಾದಷ್ಟು ಮಡಿಕೆ. ಎಡ ಹೆಗಲಿಗೆ ಒಂದು ಬೆರಳು ಇಳಿಸಿದರು. ಇಡೀ ಬೀದಿಯಲ್ಲಿ ಯಾರ ಕಣ್ಣಿಗೂ ಬೀಳದ ಆ ಒಂದು ಬೆರಳಿಗೆ ಅವರು ಪಟ್ಟ ಪಾಡಿನಲ್ಲಿ ಒಂದು ಸೈನ್ಯಕ್ಕೆ ಸಮವಸ್ತ್ರ ಹೊಲಿಯಬಹುದಿತ್ತು. ಪುಟಾಣಿ ದಾರಕ್ಕೂ ಒಂದು ಅಂಗಿ ಹೊಲಿದಿಟ್ಟರು. ಇಸ್ತ್ರಿಯಣ್ಣ ಬಂದು ಚೀಲ ಒಯ್ದ. ಯಾವ ದಿಕ್ಕಿಗೆ ಹೋದ ಎಂದು ನೋಡಬಾರದೆಂದು ಮಾಸ್ಟರು ಗೋಡೆ ನೋಡುತ್ತ ಕೂತರು. ನೋಡಬೇಕೆಂಬ ಆಸೆಗೆ ಕುತ್ತಿಗೆ ಉಳುಕಿತು.

ರಜೆಯ ಮೊದಲ ಬೆಳಿಗ್ಗೆ ಮಕ್ಕಳೆಲ್ಲ ಮೈದಾನದಲ್ಲಿ ಸೇರಿದ್ದರು. ಮಾಸ್ಟರು ಉಳುಕಿದ ಕುತ್ತಿಗೆ ಹೊತ್ತು ಬೇಲಿಯ ಪಕ್ಕ ನಿಂತರು. ಮೊಮ್ಮಗಳು ಓಡಿ ಬಂದಳು. ಹಳೆಯ ಫ್ರಾಕು!

ಮಾಸ್ಟರು ಬಿಟ್ಟ ನಿಟ್ಟುಸಿರಿಗೆ ಮೈದಾನದ ಅರ್ಧ ಧೂಳು ಎದ್ದಿತು. ಅವಳಲ್ಲ! ಬೆರಳು ಸುಳ್ಳು ಹೇಳಿತ್ತು! ಜೀವನದಲ್ಲಿ ತಾನು ತಪ್ಪಿದ್ದಕ್ಕೆ ಅವರು ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಆಗ ಆ ಫ್ರಾಕು ಬಂತು. ಮೂಲೆಮನೆಯ ಗಾರೆಯವನ ಮಗಳು ಹಾಕಿಕೊಂಡಿದ್ದಳು. ಫ್ರಾಕಿನ ಅಂಚು ನೆಲ ಗುಡಿಸುತ್ತಿತ್ತು, ತೋಳು ಬೆರಳುಗಳನ್ನು ನುಂಗಿತ್ತು, ಎಡ ಹೆಗಲು ಮೊಣಕೈ ಹತ್ತಿರ ಜೋತುಬಿದ್ದಿತ್ತು. ಆದರೆ ಮುಖ ಮಾತ್ರ, ಇಡೀ ಅಂಗಡಿಯನ್ನೇ ತೊಟ್ಟುಕೊಂಡವಳಂತೆ ಬೀಗಿತ್ತು.

ಖುಷಿ ಮತ್ತೆ ಕಲಸುಮೇಲೋಗರವಾಯಿತು. ಅಳತೆ ಇವಳದಲ್ಲ. ಹಾಗಾದರೆ ಯಾರದು?

"ಪುಟ್ಟೀ, ಇಲ್ಲಿ ಬಾ. ಆ ಫ್ರಾಕು ಅವಳಿಗೆ ಎಲ್ಲಿಂದ ಬಂತು?"

ಮೊಮ್ಮಗಳು ಅತ್ತಿತ್ತ ನೋಡಿದಳು. "ಯಾರಿಗೂ ಹೇಳಲ್ಲ ಅಂದ್ರೆ ಹೇಳ್ತೀನಿ ಅಜ್ಜ."

"ನಾನು ಯಾವತ್ತಾದ್ರೂ ಯಾರಿಗಾದ್ರೂ ಏನಾದ್ರೂ ಹೇಳಿದ್ದೀನಾ?"

"ದಿನಾ ಹೇಳ್ತೀಯಲ್ಲ!" ಆದರೂ ಅವಳಿಗೆ ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. "ಚೀಲ ನಮ್ಮ ಬಾಗಿಲಲ್ಲಿತ್ತು. ಅಮ್ಮ ಅದನ್ನ ಎತ್ಕೊಂಡ್ಲು. ಸೀದಾ ಆ ಮೂಲೆಮನೆ ಬಾಗಿಲಿಗೆ ಹಾಕಿ ಬಂದ್ಲು. ಅವರಪ್ಪ ಮೊನ್ನೆ ಮೇಲಿಂದ ಬಿದ್ದು ಕಾಲು ಮುರ್ಕೊಂಡಿದಾರಲ್ಲ. ನಮಗೆ ಕಾರ್ಖಾನೆ ಮುಚ್ಚಿದ್ರೂ ಅಪ್ಪನ ಕಾಲು ನೆಟ್ಟಗಿದೆ ಅಂದ್ಲು."

ಮಾಸ್ಟರು ಬೇಲಿ ಹಿಡಿದುಕೊಂಡರು. "ನೀವು ಊಟ?"

"ಮಾಡ್ತೀವಿ. ಒಂದ್ಸಲ."

"ನನಗ್ಯಾಕೆ ಹೇಳ್ಲಿಲ್ಲ ನಿಮ್ಮಮ್ಮ?"

"ಅಜ್ಜಂಗೆ ಹೇಳಿ ಏನ್ ಮಾಡೋದು, ಅವರ ಹತ್ರ ಆ ಬಾಯೊಂದು ಬಿಟ್ರೆ ಇನ್ನೇನಿದೆ, ಪಾಪ ಖಾಲಿ ಅಂಗಡೀಲಿ ಕೂತು ಬಡಾಯಿ ಕೊಚ್ಕೊಂಡು ಹೊಟ್ಟೆ ತುಂಬಿಸ್ಕೊತಾರೆ ಅಂದ್ಲು. ಅದಕ್ಕೇ ನೀನು ಬಂದಾಗ ಚಹಾಗೆ ಮನೇಲಿದ್ದ ಸಕ್ಕರೆ ಎಲ್ಲಾ ಹಾಕಿದ್ಲು."

ಬೆಟ್ಟ ಬಿದ್ದರೂ ಅಲುಗದ ಮಾಸ್ಟರು ಈ ಮಾತಿಗೆ ಅಲುಗಿದರು. ಅಂಗಡಿ ಖಾಲಿ ಇರಲಿಲ್ಲ. ಹೊಸ ಶಾಲೆಯೊಂದರ ಸಮವಸ್ತ್ರದ ಕೆಲಸ ಅಟ್ಟದವರೆಗೂ ತುಂಬಿತ್ತು. "ಹೊಲಿದು ಮುಗಿಸೋಷ್ಟರಲ್ಲಿ ಮಕ್ಕಳೆಲ್ಲ ಮುದುಕರಾಗಿರ್ತಾರೆ" ಎಂದು ಅವರು ಮಗಳಿಗೆ ಎಷ್ಟೋ ಸಲ ಹೇಳಿದ್ದರು. ಜಡ್ಜಿನ ಕಥೆ ಹೇಳಿದ ಬಾಯಿಯಲ್ಲೇ ಇದನ್ನೂ ಹೇಳಿದ್ದರಿಂದ ಅವಳು ಎರಡನ್ನೂ ಒಂದೇ ಮೂಟೆಗೆ ಹಾಕಿದ್ದಳು.

ಈಗ ಮಾಡುವುದೇನು? ಇನ್ನೊಂದು ಚೀಲ ಕೊಟ್ಟರೆ ಅದು ಇನ್ನೊಬ್ಬರ ಬಾಗಿಲು ಸೇರುತ್ತದೆ. ಕೈಗೇ ಕೊಟ್ಟರೆ, ಅಪ್ಪ ಉಪವಾಸವಿದ್ದು ತಂದದ್ದು ಎಂದು ವಾಪಸ್ಸು ಬರುತ್ತದೆ. "ನನ್ನ ಹತ್ರ ಬೇಕಾದಷ್ಟಿದೆ ಕಣೇ" ಎಂದರೆ ಅವಳು ಅಳುತ್ತಾಳೆ. ಮಾಸ್ಟರು ಮಗಳ ಮನೆಗೆ ಹೋಗುವ ದಾರಿಯಲ್ಲಿ ಹದಿನಾರು ಸುಳ್ಳು ಕಟ್ಟಿದರು, ಹದಿನಾರನ್ನೂ ಬಿಚ್ಚಿದರು. ಬಾಗಿಲು ತೆರೆದಾಗ ಬಾಯಿಗೆ ಬಂದದ್ದು ಇಷ್ಟೇ:

"ನನ್ನ ಕೈಲಿ ಆಗ್ತಿಲ್ಲಮ್ಮ."

ಮಗಳ ನಗು ತಟ್ಟನೆ ಇಳಿಯಿತು. "ಏನಾಯ್ತಪ್ಪ?"

"ಮಂಡಿ ನೋವು. ಯಂತ್ರ ತುಳಿಯೋಕಾಗ್ತಿಲ್ಲ. ನೀನು ಬಂದು ಕೂತ್ರೆ ಹೇಗೋ ಇಬ್ರೂ..." ಮುಂದಿನದನ್ನು ಉಬ್ಬಿಸಲು ನಾಲಗೆ ತುರಿಸಿತು. ಕಚ್ಚಿಕೊಂಡರು.

ಒಂದು ಪ್ರಶ್ನೆಯಿಲ್ಲ, ಒಂದು ಅನುಮಾನವಿಲ್ಲ. ಇಷ್ಟು ವರ್ಷ ಅವರ ಒಂದು ಮಾತನ್ನೂ ನಂಬದವಳು ಇದನ್ನು ಗಟಗಟನೆ ಕುಡಿದುಬಿಟ್ಟಳು. "ಮೊದಲೇ ಹೇಳಬಾರದಿತ್ತಾ? ನಂಗೊತ್ತಿತ್ತು. ನಡಿ" ಎಂದು ಚಪ್ಪಲಿ ಹಾಕಿಯೇಬಿಟ್ಟಳು. ಅಷ್ಟು ಬೇಗ ನಂಬಿದಳಲ್ಲ ಎಂದು ಮಾಸ್ಟರಿಗೆ ಅವಮಾನವೋ ಸಮಾಧಾನವೋ ಗೊತ್ತಾಗಲಿಲ್ಲ. ಕುಂಟುವುದನ್ನು ಅರ್ಧ ದಾರಿಯಲ್ಲಿ ನೆನಪಿಸಿಕೊಂಡರು. ಯಾವ ಕಾಲು ಎಂದು ಹೇಳಿರಲಿಲ್ಲವಾದ್ದರಿಂದ ಎರಡನ್ನೂ ಎಳೆದರು.

ಅಂಗಡಿಯಲ್ಲಿ ಮಗಳು ಯಂತ್ರದ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಿ ಬಟ್ಟೆಗೆಂದು ಕತ್ತೆತ್ತಿದವಳು ಅಟ್ಟ ನೋಡಿದಳು, ಗೋಡೆ ನೋಡಿದಳು, ಕತ್ತರಿಸುವ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಎಲ್ಲೆಲ್ಲೂ ನೀಲಿ ಬಟ್ಟೆಯ ಕಟ್ಟುಗಳು.

"ಅಪ್ಪ, ಇದೆಲ್ಲಾ ನಿಜವಾಗ್ಲೂ ಬಂದಿರೋ ಕೆಲಸಾನಾ?"

ಇಡೀ ದೇಶದ ಮಕ್ಕಳು ಬಾಗಿಲಲ್ಲಿ ಸಾಲು ನಿಂತಿದ್ದಾರೆ ಎಂಬ ಮಾತು ಹಲ್ಲಿನ ಹಿಂದೆಯೇ ಇತ್ತು. ಮಾಸ್ಟರು ಕತ್ತರಿ ಒರೆಸಿದರು. "ಏನೋ, ಒಂದೆರಡು ಅಂಗಿ."

"ಒಂದೆರಡಾ!" ಮಗಳು ಅವರನ್ನೇ ದಿಟ್ಟಿಸಿದಳು. ಸೊಂಟಕ್ಕೆ ಕೈ ಕೊಟ್ಟು, ಮಂಡಿ ನೋಡಿ, ಮತ್ತೆ ಮುಖ ನೋಡಿದಳು. ಅವಳ ಮುಖದಲ್ಲಿ ಏನೋ ಒಂದು ತಿರುಗಿ, ಕೂತು, ಮತ್ತೆ ತಿರುಗಿತು. "ನಿನ್ನ ಯಾವ ಮಾತು ನಂಬಬೇಕಪ್ಪ ನಾನು?"

"ಅದೇ ನಂಗೂ ಗೊತ್ತಾಗ್ತಿಲ್ಲ ಕಣೇ," ಎಂದರು ಮಾಸ್ಟರು. "ಮೊದಲು ಆ ಕಾಲರ್ ಹೊಲಿ. ಮಕ್ಕಳನ್ನೂ ಅಳಿಯಂದ್ರನ್ನೂ ಇಲ್ಲಿಗೇ ಕರೆಸು, ಗುಂಡಿ ಹಾಕೋಕೆ ಜನ ಬೇಕು. ಊಟ ಎಲ್ಲರಿಗೂ ಇಲ್ಲೇ."

ಮಗಳು ತಲೆ ಬಗ್ಗಿಸಿ ಯಂತ್ರ ತುಳಿದಳು. ಅದರ ಸದ್ದಿನಲ್ಲಿ ಅವಳು ಮೂಗು ಎಳೆದುಕೊಂಡದ್ದು ಕೇಳಿಸಿತೋ ಇಲ್ಲವೋ, ಮಾಸ್ಟರು ಮಾತ್ರ ಊಟ ತರಲು ಹೊರಗೆ ಓಡಿದರು, ಒಂದು ಕಾಲನ್ನೂ ಎಳೆಯದೆ.