ಚಿವುಟಿ ನೋಡುವ ಅತ್ತೆ

ಕೊಳವೆಯಂಥದ್ದು ಏನೇ ಕಂಡರೂ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಚಿವುಟದೆ ನಮ್ಮ ಸೋದರತ್ತೆಯ ಕೈ ಸುಮ್ಮನಿರದು. ಪೆನ್ನಿನ ರೀಫಿಲ್ಲಾಗಲಿ, ಅತಿಥಿ ಹೀರುತ್ತಿರುವ ಸ್ಟ್ರಾ ಆಗಲಿ, ಎಲ್ಲಕ್ಕೂ ಒಂದೇ ನ್ಯಾಯ. ಅವಳ ಅಣ್ಣ, ಅಂದರೆ ನಮ್ಮಪ್ಪ, ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ಕಟ್ಟಿಕೊಂಡು ಮಲಗಿದ್ದಾಗ ಅದರ ಕೊಳವೆಗೂ ಕೈಹಾಕಿ ನರ್ಸಮ್ಮನಿಂದ ಏಟು ತಿಂದವಳು ಅವಳು.

ಪ್ಲಾಸ್ಟಿಕ್ ಕೊಳವೆಯ ಕಾರ್ಖಾನೆಯಲ್ಲಿ ಇಂಜಿನಿಯರು. ಮೊಣಕೈ ಸವೆದ ಬೂದು ಕೋಟು, ಜೇಬಿನಲ್ಲಿ ಸದಾ ಸೀಮೆಸುಣ್ಣದ ಚೂರುಗಳು, ಒಂದು ಭುಜ ಮುಂದೆ ಮಾಡಿ ಗಾಳಿಯನ್ನೇ ದಬ್ಬಿಕೊಂಡು ಹೋಗುವ ನಡಿಗೆ. ಕಂಪ್ಯೂಟರು ಕೊಟ್ಟ ಉತ್ತರವನ್ನು ಕಬ್ಬಿಣದ ಬೀರುವಿನ ಬಾಗಿಲ ಮೇಲೆ ಕೈಯಾರೆ ಬಿಡಿಸಿ ನೋಡದೆ ಅವಳು ನಂಬಿದವಳಲ್ಲ, ಸಾಲುಸಾಲಿಗೂ "ಅಂದ್ಮೇಲೆ?" ಎಂದು ತನ್ನನ್ನೇ ಕೇಳಿಕೊಳ್ಳುವಳು.

ಅಪ್ಪ ಮಲಗುವಾಗ ಕಟ್ಟಿಕೊಳ್ಳುವ ಆ ಯಂತ್ರದ ಕೊಳವೆ ಭಾರವಾಗಿ ಮೂಗನ್ನೇ ಎಳೆಯುತ್ತಿತ್ತು. ಹಗುರವಾದದ್ದನ್ನು ಮಾಡಲು ಕಾರ್ಖಾನೆ ಹೊರಟಾಗ ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಕೊಳವೆಯ ಗೋಡೆಯ ದಪ್ಪ ಅರ್ಧವಾದರೆ ಅದುಮಿದಾಗ ಬೀಳುವ ತಗ್ಗು ಎಂಟು ಪಟ್ಟು. ಕೊಳವೆ ಜಾರದಂತೆ ಹಾಸಿಗೆಗೆ ಹಿಡಿದಿಡುವ ಕ್ಲಿಪ್ಪೇ ಅದನ್ನು ಚಪ್ಪಟೆ ಮಾಡಿಬಿಟ್ಟರೆ ಉಸಿರೇ ನಿಂತೀತು. ಬಾಗಿಲ ತುಂಬ ಲೆಕ್ಕ ಹರಿಯಿತು. ತ್ರಿಜ್ಯದ ಘನ, ದಪ್ಪದ ಘನ, ಅಂದ್ಮೇಲೆ? ತಗ್ಗು ಮಿತಿಯೊಳಗೇ ಬಂತು! ಕಂಪ್ಯೂಟರೂ ಹೂಂಗುಟ್ಟಿತು, ಮ್ಯಾನೇಜರು ಅಚ್ಚು ಕೊರೆಯಲು ಹೇಳಿಯೇಬಿಟ್ಟರು, ಅತ್ತೆ ಅಪ್ಪನಿಗೆ ಫೋನು ಮಾಡಿ ಇನ್ನು ನಿನ್ನ ಮೂಗು ಪಾರಾಯಿತು ಎಂದಳು.

ಊಟ ಮುಗಿಸಿ ಬಂದವಳ ಕೈ ಅಭ್ಯಾಸಬಲದಿಂದ ಹೊಸ ಕೊಳವೆಯ ಮಾದರಿ ತುಂಡಿಗೆ ಹೋಯಿತು. ಕಳೆದುಹೋಗದಿರಲೆಂದು ಬೆಳಿಗ್ಗೆ ಅದನ್ನು ಬಟ್ಟೆಯ ಕ್ಲಿಪ್ಪಿನಿಂದ ಕೋಟಿಗೆ ಸಿಕ್ಕಿಸಿಕೊಂಡಿದ್ದಳು. ಈಗ ಕ್ಲಿಪ್ಪು ತೆಗೆದರೂ ತಗ್ಗು ಏಳಲಿಲ್ಲ. ಬೆಳಿಗ್ಗೆ ಚಿವುಟಿ ಬಿಟ್ಟೊಡನೆ ಪುಟಿದೇಳುತ್ತಿದ್ದ ಪ್ಲಾಸ್ಟಿಕ್ಕು, ಹಿಡಿತ ಬಿಡದೇ ಇದ್ದಾಗ ಮೆಲ್ಲಗೆ ಸೋತುಹೋಗಿತ್ತು.

ಅಚ್ಚಿನ ಕೋಣೆಗೆ ಓಡಿ ಕೆಲಸ ನಿಲ್ಲಿಸಿದಳು. ಏನಾಯಿತೆಂದು ಬೆನ್ನಟ್ಟಿ ಬಂದ ಮ್ಯಾನೇಜರನ್ನು ಬೀರುವಿನ ಮುಂದೆ ನಿಲ್ಲಿಸಿ, ಇಡೀ ಬಾಗಿಲನ್ನು ಕೋಟಿನ ತೋಳಿನಿಂದ ಒರೆಸಿದಳು. ಮುಖ ಮದುವೆಮನೆಯಂತಿತ್ತು.

"ಅದುಮಿದ ಕ್ಷಣದ ಲೆಕ್ಕ ಮಾತ್ರ ಮಾಡಿದೀನಿ. ಕ್ಲಿಪ್ಪು ದಿನಗಟ್ಟಲೆ ಅದುಮಿರುತ್ತೆ. ಅಣ್ಣನಿಗೆ ಹಗುರ ಆಗ್ಲಿ ಅನ್ನೋ ಆಸೆ ನನ್ನ ಕಣ್ಣು ಕಟ್ಟಿಬಿಡ್ತು."

ಹೊಸ ಲೆಕ್ಕದಲ್ಲಿ ಕೊಳವೆಯ ಗೋಡೆ ಕೊಂಚ ದಪ್ಪವಾಯಿತು. ಆ ಕೊಳವೆ ಹಾಕಿಕೊಂಡ ಅಪ್ಪ ಇನ್ನೂ ಸ್ವಲ್ಪ ಎಳೆಯುತ್ತದೆಂದು ಗೊಣಗಿದರೆ ಅತ್ತೆ ಕೊಳವೆಯನ್ನೊಮ್ಮೆ ಚಿವುಟಿ ಹೇಳಿದಳು: "ಎಳೀಲಿ ಬಿಡು. ಉಸಿರಿದ್ದೋರಿಗೇ ಮೂಗಿನ ಚಿಂತೆ."

ತಮ್ಮ ಲೆಕ್ಕ ಸರಿಯಾದಾಗ ಹಿಗ್ಗುವವರು ಬೀದಿಗೊಬ್ಬರು ಸಿಗುತ್ತಾರೆ. ತಮ್ಮ ತಪ್ಪನ್ನು ತಾವೇ ಹಿಡಿದು, ಕಳ್ಳ ಸಿಕ್ಕಷ್ಟು ಸಂಭ್ರಮದಿಂದ ಊರಿಗೆಲ್ಲ ತೋರಿಸುವವರು ವಿರಳ. ಅಂಥವರು ಚಿವುಟಿ ನೋಡಿದ ಕೊಳವೆಯ ತುದಿಯಲ್ಲಿ ಯಾರೋ ಒಬ್ಬರು, ಅವರ ಹೆಸರೂ ತಿಳಿಯದೆ, ಗೊಣಗುತ್ತಲೇ ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಾರೆ.