ಅಕ್ಕ ತುಂಬಿದ ಐದು ಚೌಕಗಳು

ನಮ್ಮದು ಎರಡು ಮನೆಗೆ ಒಂದೇ ಪತ್ರಿಕೆ. ಮಹಡಿಯಲ್ಲಿ ಅಕ್ಕ, ಭಾವ; ಕೆಳಗೆ ನಾನೊಬ್ಬಳೇ. ಏಳನೇ ಪುಟದ ಮೂಲೆಯಲ್ಲಿ ದಿನವೂ ಒಂದು ಪದದಾಟ ಬರುತ್ತದೆ. ಅಕ್ಷರ ಕಲಸಿಟ್ಟ ನಾಲ್ಕು ಪದ, ಪಕ್ಕದಲ್ಲೊಂದು ಚಿತ್ರ, ಅದರ ಕೆಳಗೊಂದು ಪ್ರಶ್ನೆ. ಪದಗಳನ್ನು ಸರಿಮಾಡಿ, ಸುತ್ತು ಹಾಕಿದ ಅಕ್ಷರಗಳನ್ನು ಹೆಕ್ಕಿ ಜೋಡಿಸಿದರೆ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅದರಲ್ಲಿ ಯಾವಾಗಲೂ ಏನಾದರೊಂದು ಮಾತಿನ ಚೇಷ್ಟೆ ಇರುತ್ತದೆ.

ನಾಲ್ಕು ಪದ ಅಕ್ಕನವು. ಕೊನೆಯ ಸಾಲು ನನ್ನದು. "ನನಗೆ ಈ ಕುಚೋದ್ಯವೆಲ್ಲ ಹೊಳೆಯಲ್ಲ ಕಣೇ, ಅದು ನಿನ್ನ ಖಾತೆ" ಎಂದು ಅವಳು ಹದಿನಾರು ವರ್ಷದ ಹಿಂದೆ ಹೇಳಿದ್ದು, ಹಾಗೇ ನಡೆದುಕೊಂಡು ಬಂದಿದೆ. ಬೆಳಗ್ಗೆ ಪದಗಳನ್ನು ಬಿಡಿಸಿ ನನ್ನ ಬಾಗಿಲ ಕೆಳಗೆ ತೂರಿಸುತ್ತಾಳೆ. ಸಂಜೆ ನಾನು ಕೊನೆಯ ಸಾಲು ತುಂಬಿ ಅವಳ ಬಾಗಿಲ ಕೆಳಗೆ ತೂರಿಸುತ್ತೇನೆ.

ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರಿಗೆ ಊರಾಚೆಯ ಹೊಸ ಡಿಪೋಗೆ ವರ್ಗವಾಗಿ, ಅಲ್ಲೇ ಕ್ವಾರ್ಟರ್ಸ್ ಸಿಕ್ಕಿತು. ಅಕ್ಕ ಅದನ್ನು ಹೇಳಿದಾಗ ನನ್ನ ಬಾಯಿಗೆ ಬಂದದ್ದು, "ಹೋಗು, ನಿನ್ನ ಕಾಲು ಯಾರು ಹಿಡ್ಕೊಂಡಿದ್ದಾರೆ?" ಅಂದಿನಿಂದ ಒಂಬತ್ತು ದಿನ ಮಾತಿಲ್ಲ. ಆದರೆ ಪತ್ರಿಕೆ ಬರುತ್ತಿತ್ತು, ಹೋಗುತ್ತಿತ್ತು. ಅದು ಬರುತ್ತಿರುವವರೆಗೆ ಅಕ್ಕ ನನ್ನನ್ನು ಬಿಟ್ಟಿಲ್ಲ ಎಂದು ನಾನು ಧೈರ್ಯ ಹೇಳಿಕೊಂಡಿದ್ದೆ.

ಹತ್ತನೆಯ ದಿನ ಬಂದ ಪತ್ರಿಕೆಯಲ್ಲಿ ನಾಲ್ಕು ಪದಗಳೂ ಖಾಲಿ. ಕೊನೆಯ ಸಾಲಿನ ಐದು ಚೌಕಗಳಲ್ಲಿ ಅಕ್ಕನ ಗುಂಡು ಅಕ್ಷರ: ಓಡಿಹೋದನು.

ತಲೆಬುಡ ತಿಳಿಯಲಿಲ್ಲ. ಮಡಚಿ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೋದೆ.

ನನ್ನದು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ. ಬಿಸಿ ಉರುಳೆಯಿಂದ ಹೊರಬರುವ ಹೊದಿಕೆಯನ್ನು ಇಬ್ಬರು ಎರಡು ಕಡೆ ಹಿಡಿದು ಮಡಚಬೇಕು. ನನ್ನ ಎದುರು ನಿಲ್ಲುವವಳನ್ನು ಎಲ್ಲರೂ ರೇಡಿಯೋ ಎನ್ನುತ್ತಾರೆ. ಅವಳಿಗೆ ಸ್ವಿಚ್ಚಿಲ್ಲ.

"ಏನ್ರೀ, ಅಂಚಿಗೆ ಅಂಚು ಕೂಡ್ತಾನೇ ಇಲ್ಲ. ಪ್ರಾಣ ಎಲ್ಲಿಟ್ಟು ಬಂದಿದೀರಾ?"

ಪತ್ರಿಕೆ ತೋರಿಸಿ ವಿಷಯ ಹೇಳಿದೆ. ರೇಡಿಯೋ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ! ನಿಮ್ಮ ಭಾವ ಓಡಿಹೋದ್ರಾ?"

"ಬಿಡ್ತು ಅನ್ರಿ! ಬೆಳಗ್ಗೆ ಅವರು ಬಾಯಿ ಮುಕ್ಕಳಿಸಿದ್ದು ನಮ್ಮನೆಗೇ ಕೇಳಿಸ್ತು."

"ಹಾಗಾದ್ರೆ ನಿಮ್ಮಕ್ಕ ನಿಮ್ಮ ಪಾಲು ಕಿತ್ಕೊಂಡಿದ್ದಾರೆ. ಮುಖಕ್ಕೆ ಹೊಡೆದ ಹಾಗೆ." ಇನ್ನೊಂದು ಹೊದಿಕೆ ಮಡಚುವಷ್ಟರಲ್ಲಿ ಅವಳ ಅಭಿಪ್ರಾಯ ಬದಲಾಯಿತು. "ಅಲ್ಲ, ನಾಲ್ಕು ಪದ ನಿಮಗೇ ಬಿಟ್ಟಿದ್ದಾರಲ್ಲ. ಇದು ರಾಜಿ." ಮೂರನೆಯದಕ್ಕೆ, "ಇನ್ಮೇಲೆ ನೀನೊಬ್ಳೇ ಮಾಡ್ಕೋ ಅಂತ ಇರಬೇಕು."

"ಮೂರು ಹೇಳಿದ್ರಲ್ಲ, ಯಾವುದು ಸರಿ?"

"ನಿಮಗೆ ಹೊಂದೋದು ಇಟ್ಕೊಳ್ಳಿ."

ಊಟದ ಬಿಡುವಿನಲ್ಲಿ ನಾಲ್ಕು ಪದಗಳನ್ನೂ ಬಿಡಿಸಿದೆ. ಕಾಗದ, ಸಲಹೆ, ಹಗಲು, ಕಾರಣ. ಅಕ್ಕನಿಗೆ ಇವು ಕಣ್ಣು ಮಿಟುಕಿಸುವಷ್ಟರ ಕೆಲಸ. ಚಿತ್ರದಲ್ಲಿ ಗಡಿಯಾರದಂಗಡಿಯಿಂದ ಚೀಲ ಹೊತ್ತು ಬರುವ ಒಬ್ಬ ಕಳ್ಳ. 'ಇವನು ಮಾಡಿದ್ದೇನು?' ಎಂದು ಪ್ರಶ್ನೆ. ಸುತ್ತು ಹಾಕಿದ ಅಕ್ಷರಗಳು ಸೇರಿ 'ಕಾಲಹರಣ' ಆದವು. ಅಕ್ಕ ಬರೆದದ್ದರಲ್ಲಿ ಒಂದಕ್ಷರವೂ ಕೂಡುತ್ತಿರಲಿಲ್ಲ. ಬೆಳಕಿಗೆ ಹಿಡಿದರೆ ಆ ಐದು ಚೌಕಗಳನ್ನು ಕಾಗದ ತೆಳುವಾಗುವಷ್ಟು ಸಲ ಉಜ್ಜಿ ಅಳಿಸಿದ್ದು ಕಾಣಿಸಿತು. ಸಿಟ್ಟಿಗೆ ಅಷ್ಟು ಉಜ್ಜುತ್ತಾರೆಯೇ? ರಾಜಿಗಾದರೂ ಉಜ್ಜುತ್ತಾರೆಯೇ? ಏನೂ ಗೊತ್ತಾಗಲಿಲ್ಲ.

ನಾನು ಹೋಗುವ ಸಂಜೆ ತರಗತಿಯ ಮೇಷ್ಟ್ರು, ತಿಳಿಯದಿದ್ದರೆ ಕೈ ಎತ್ತಿ ಕೇಳಿ ಎನ್ನುತ್ತಲೇ ಇರುತ್ತಾರೆ. ಎರಡು ವರ್ಷದಲ್ಲಿ ನಾನು ಒಮ್ಮೆಯೂ ಎತ್ತಿಲ್ಲ. ಅಂದು ತರಗತಿ ತಪ್ಪಿಸಿ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದಿತ್ತು. ಅಕ್ಕ ನೆಲದ ಮೇಲೆ ಕೂತು ಪಾತ್ರೆಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಬಾ ಎನ್ನಲಿಲ್ಲ. "ಚಪ್ಪಲಿ ಅಲ್ಲೇ ಬಿಡು, ಈಗ ತಾನೇ ಒರೆಸಿದೀನಿ" ಎಂದಳು.

ಪತ್ರಿಕೆ ಮುಂದೆ ಹಿಡಿದೆ. "ಅಕ್ಕ, ನನ್ನ ಸಾಲು ಯಾಕೆ ತುಂಬಿದೆ? ಸಿಟ್ಟಿಗಾ?"

"ಸಿಟ್ಟು ಯಾಕೆ? ತಪ್ಪಾಗಿದೆಯಾ?"

"ಪೂರ್ತಿ."

"ಒಂದಕ್ಷರ ಆದ್ರೂ?"

"ಒಂದೂ ಇಲ್ಲ."

ಅವಳ ಮುಖ ಸಣ್ಣದಾಯಿತು. "ಕದ್ದ ಮೇಲೆ ಕಳ್ಳ ಓಡದೆ ಇನ್ನೇನು ಮಾಡ್ತಾನೆ?"

"ಕಾಲಹರಣ."

"ಕಾಲ..." ಅಕ್ಕ ಪತ್ರಿಕೆಯ ಚಿತ್ರದತ್ತ ಬಗ್ಗಿದಳು. "ಓ, ಗಡಿಯಾರಕ್ಕೆ. ಥೂ."

ಒಳಗಿನ ಕೋಣೆಯಿಂದ ಭಾವನ ದನಿ ಬಂತು. "ಅಲ್ಲಿ ಒಬ್ಳೇ ಆಡಬೇಕಲ್ಲ ಅಂತ ಅಭ್ಯಾಸ ಮಾಡ್ತಿದಾಳೆ ಕಣಮ್ಮ! ಬೆಳಗ್ಗೆ ಆರಕ್ಕೇ ನನ್ನ ಎಬ್ಬಿಸಿ, ಕಳ್ಳ ಏನು ಮಾಡ್ದ ಅಂತ ತನಿಖೆ!"

"ನೀವು ಸುಮ್ನಿರಿ" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು. "ಪದದ ಕಡೆ ನೋಡದೇನೇ ನೀನು ಚಿತ್ರ ನೋಡಿ ಹೇಳ್ತೀಯಲ್ಲ. ಹಾಗೇ ಮಾಡಿ ನೋಡಿದೆ. ನೀನಿಲ್ಲದೆ ಬರುತ್ತಾ ಅಂತ."

"ಹಾಗಾದ್ರೆ ಹೋಗ್ತೀಯಾ, ಇಲ್ವಾ?"

"ಹೋಗದೆ? ಹದಿನೈದನೇ ತಾರೀಖಿಗೆ ಲಾರಿ ಹೇಳಾಗಿದೆ."

ನಾನೂ ನೆಲದ ಮೇಲೆ ಕೂತೆ. ನಾನಿಲ್ಲದೆ ಇರುವುದನ್ನು ಅವಳು ರಬ್ಬರ್ ಸವೆಯುವಷ್ಟು ಅಭ್ಯಾಸ ಮಾಡಿದ್ದಕ್ಕೆ ಬೇಜಾರಾಗಬೇಕಿತ್ತೇನೋ. ಆದರೆ ಬೇಜಾರು ಬರಲಿಲ್ಲ; ಏನು ಬಂತೆಂದು ನನಗೆ ಈಗಲೂ ಸರಿಯಾಗಿ ಗೊತ್ತಿಲ್ಲ. "ಅವತ್ತು ನಾನು ಹಾಗೆ ಅನ್ನಬಾರದಿತ್ತು" ಎಂದೆ.

"ಅಂದೆಯಲ್ಲ, ಆಯ್ತು ಬಿಡು. ಅಲ್ಲಿ ಪೇಪರ್ ಡಿಪೋಗೆ ಮಾತ್ರ ಬರುತ್ತಂತೆ. ಇವರು ಸಂಜೆ ತರ್ತಾರೆ. ಪದ ನಾನು ಬಿಡಿಸ್ತೀನಿ, ಫೋನಲ್ಲಿ ನೀನು ಸಾಲು ಹೇಳು. ನಿನ್ನ ಕ್ಲಾಸ್ ಎಷ್ಟಕ್ಕೆ ಮುಗಿಯುತ್ತೆ?"

"ಎಂಟಕ್ಕೆ."

"ಎಂಟೂಕಾಲಿಗೆ ಮಾಡ್ತೀನಿ. ಎತ್ತದೆ ಇರು, ನೋಡ್ಕೋತೀನಿ."

ಗದರಿದಳೋ, ಕೇಳಿಕೊಂಡಳೋ, ಆ ದನಿಯಲ್ಲಿ ತಿಳಿಯಲಿಲ್ಲ. ಎತ್ತುತ್ತೇನೆ ಎಂದೆ.