ಕಿಟಕಿಯಲ್ಲಿ ಮುಸುಕಿನವರು

ಕ್ರಿಸ್‌ಮಸ್ ಕಳೆದ ಮರುದಿನ ಮೆಲ್ವೀನ ತನ್ನ ಗಂಡ ಗಾರ್ಲಂಡನ ರಮ್ಮನ್ನೆಲ್ಲ ಸಿಂಕಿಗೆ ಸುರಿದಿದ್ದಳು. ಕುಡಿತ ಕಡಿಮೆಯಾದಷ್ಟೂ ಮೈಗೆ ಒಳ್ಳೆಯದೆಂದು ಸರ್ಕಾರದವರು ರೇಡಿಯೋದಲ್ಲಿ ಹೇಳಿದ್ದರು. ಹಾಗಾದರೆ ಒಂದು ಹನಿಯೂ ಇಲ್ಲದಿದ್ದರೆ ಇನ್ನೂ ಒಳ್ಳೆಯದಲ್ಲವೇ ಎಂಬುದು ಅವಳ ಲೆಕ್ಕ. ಗಾರ್ಲಂಡನೂ ಹೂಂ ಎಂದಿದ್ದ. ಮೀಸೆ ಮೂಡುವ ಮುಂಚೆಯೇ ಮೀನಿನ ದೋಣಿ ಹತ್ತಿದವನು, ಬೆಳಗಿನ ಚಹಾಕ್ಕೂ ರಮ್ ಬೆರೆಸಿಕೊಳ್ಳುತ್ತಿದ್ದವನು.

ಎರಡೇ ದಿನಕ್ಕೆ ಅವನ ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಅಂಗಿ ಬೆವರಿಗೆ ತೊಯ್ದು ಮೈಗಂಟಿತ್ತು.

“ತಡ್ಕೋ ಮಾರಾಯ. ವಿಷ ಇಳೀತಿದೆ, ಅಷ್ಟೇ.”

“ಇಳೀತಿರೋದು ವಿಷ ಅಲ್ಲ ಕಣೇ, ನನ್ ಜೀವ.”

ಮಧ್ಯಾಹ್ನದ ಹೊತ್ತಿಗೆ ಅವನ ಮುಖ ಅರಳಿತು. ಕಿಟಕಿಯತ್ತ ಕೈ ತೋರಿಸಿದ. “ಲೇ, ಮುಸುಕಿನವ್ರು ಬಂದವ್ರೆ. ಬಾಗಿಲು ತೆಗಿ.”

ನ್ಯೂಫೌಂಡ್‌ಲ್ಯಾಂಡಿನ ಆ ದ್ವೀಪದಲ್ಲಿ ಹಬ್ಬದ ದಿನಗಳಂದು ನೆರೆಯವರು ಪರದೆಯ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು, ಅಂಗಿ ತಿರುವುಮುರುವು ತೊಟ್ಟು ಮನೆಮನೆಗೆ ಬರುತ್ತಾರೆ. ಯಾರೆಂದು ಗುರುತು ಹಿಡಿದು ಒಂದು ಗುಟುಕು ರಮ್ ಕೊಡಬೇಕು.

ಮೆಲ್ವೀನಳಿಗೆ ನಗು ಬಂತು. “ಬರ್ಲಿ ಬಿಡು. ಈ ಸಲ ಅವ್ರಿಗೆ ಹಣ್ಣಿನ ಶರಬತ್ತೇ ಗತಿ.” ಕೇಕು ಕತ್ತರಿಸಿಟ್ಟು ಬಾಗಿಲು ತೆಗೆದಳು.

ಅಂಗಳದಲ್ಲಿ ಯಾರೂ ಇರಲಿಲ್ಲ. ಬೆಳಗ್ಗೆ ಬಿದ್ದ ಹಿಮ ಬೇಲಿಯವರೆಗೂ ಹಾಗೇ ಹಾಸಿಕೊಂಡಿತ್ತು. ಒಂದು ಹೆಜ್ಜೆ ಗುರುತೂ ಇಲ್ಲ.

“ಒಳಗೆ ಬಂದೇಬಿಟ್ರಲ್ಲೇ!” ಹಿಂದಿನಿಂದ ಗಾರ್ಲಂಡ್ ಕಿರುಚಿದ. “ನಿನ್ ಪಕ್ಕದಲ್ಲೇ ನಿಂತವ್ರೆ! ಮುಸುಕು ತೆಗೀರೋ, ಯಾರೋ ನೀವು?”

 ಪಕ್ಕಕ್ಕೆ ತಿರುಗಿ ನೋಡುವ ಧೈರ್ಯವೂ ಮೆಲ್ವೀನಳಿಗೆ ಬರಲಿಲ್ಲ. ಗೋಡೆ ಹಿಡಿದುಕೊಂಡೇ ಹೋಗಿ ದವಾಖಾನೆಯ ನರ್ಸ್ ಪ್ಯಾನ್ಸಿಗೆ ಫೋನ್ ಮಾಡಿ, ಅವನಿಗೆ ಇಲ್ಲದವರೆಲ್ಲ ಕಾಣುತ್ತಿದ್ದಾರೆಂದು ಹೇಳಿದಳು.

“ಮೆಲ್ವೀನತ್ತೆ, ಮಾವ ಕುಡಿಯೋದು ಯಾವಾಗ ಬಿಟ್ರು?”

“ಮೊನ್ನೆ. ಒಂದೇ ಏಟಿಗೆ ಬಿಡಿಸ್ಬಿಟ್ಟೆ,” ಎಂದಳು. ಹೇಳುವಾಗ ಇನ್ನೂ ಸ್ವಲ್ಪ ಹೆಮ್ಮೆಯಿತ್ತು.

“ಅಯ್ಯೋ ಅತ್ತೆ, ದಿನಾ ಅಷ್ಟೊಂದು ಕುಡಿಯೋರು ಹಂಗೆ ಒಮ್ಮೆಗೇ ನಿಲ್ಲಿಸ್ಬಾರ್ದು. ಡಾಕ್ಟ್ರು ನೋಡ್ಕೊಂಡು, ಔಷಧಿ ಕೊಟ್ಟು ಬಿಡಿಸ್ಬೇಕು. ಇಲ್ದಿದ್ರೆ ಹಿಂಗೆ ಇಲ್ದಿರೋದೆಲ್ಲ ಕಾಣುತ್ತೆ, ಫಿಟ್ಸ್ ಬರುತ್ತೆ, ಜೀವಾನೇ ಹೋಗ್ಬೋದು. ಒಬ್ರನ್ನೇ ಬಿಡ್ಬೇಡಿ. ಫಿಟ್ಸ್ ಬಂದ್ರೆ ಪಕ್ಕಕ್ಕೆ ಹೊರಳ್ಸಿ, ಬಾಯಿಗೆ ಏನೂ ಹಾಕ್ಬೇಡಿ. ಹೊರಟೆ ನಾನು.”

ಫೋನ್ ಇಡುವಷ್ಟರಲ್ಲಿ ಗಾರ್ಲಂಡ್ ಕುರ್ಚಿಯಿಂದ ಉರುಳಿದ. ಮೈ ಬಿಲ್ಲಿನಂತೆ ಬಿಗಿದು, ಹಿಮ್ಮಡಿ ನೆಲಕ್ಕೆ ಬಡಿಯತೊಡಗಿತು. ಮೆಲ್ವೀನ ಕುರ್ಚಿಯನ್ನು ಅತ್ತ ತಳ್ಳಿ, ಅವನನ್ನು ಪಕ್ಕಕ್ಕೆ ಹೊರಳಿಸಿ, ತಲೆಗೆ ಏಟಾಗದಂತೆ ತನ್ನ ಅಂಗೈ ಒಡ್ಡಿದಳು. ತುಟಿ ನೀಲಿಯಾಗುತ್ತಿತ್ತು. ನಾನೇ ಕೊಂದೆ ಎಂದುಕೊಂಡಳು.

ಮೈ ಸಡಿಲಾಗಿ, ಗೊರಕೆಯಂಥ ಉಸಿರು ಎದ್ದಾಗ ಪ್ಯಾನ್ಸಿ ಬಾಗಿಲಲ್ಲಿದ್ದಳು. ಚೀಲ ಬಿಚ್ಚಿ ಸೂಜಿ ಚುಚ್ಚಿದಳು. ಅವಳು ಓಡಿಸಿಕೊಂಡು ಬಂದಿದ್ದ ಹಿಮಗಾಡಿಯ ಹಿಂದೆ ಕಟ್ಟಿದ್ದ ಜಾರುಬಂಡಿಗೆ ಇಬ್ಬರೂ ಸೇರಿ ಅವನನ್ನು ಎಳೆದು ಹಾಕಿದರು.

“ಬದುಕ್ತಾನಾ ಪ್ಯಾನ್ಸಿ?”

“ದವಾಖಾನೆ ಹತ್ರಕ್ಕೆ ಹೆಲಿಕಾಪ್ಟರ್ ಬರ್ತಿದೆ ಅತ್ತೆ. ಉಸಿರು ನೋಡ್ತಾ ಇರಿ.”

ಅವಳು ಬಂಡಿಯಲ್ಲಿ ಅವನ ಪಕ್ಕವೇ ಮಲಗಿ, ಅವನ ಬಾಯಿಯ ಹತ್ತಿರ ಕೆನ್ನೆ ಇಟ್ಟಳು. ಕುಡಿಯುವುದು, ಬಿಡುವುದು ಯಾವುದೂ ಈಗ ಅವಳಿಗೆ ನೆನಪಿರಲಿಲ್ಲ. ಬೆಚ್ಚನೆಯ ಉಸಿರು ಒಮ್ಮೆ ತಾಗಿತು. ಇನ್ನೊಂದಕ್ಕೆ ಅವಳು ಕಾದಳು.